ಹಳ್ಳದ ಕರೆಂಟನ್ನ 230ರಿಂದ 440ಕ್ಕೆ ಏರಿಸೋ ಟ್ರಾನ್ಸ್‌ಫಾರ್ಮರ್ ಎಲ್ಲಿ ಸಿಗುತ್ತೆ?

ಅಬ್ಬಿಮನೆ:

ಎಲ್ರಿಗೂ ನಮಸ್ಕಾರ. ನಮ್ದು ಹೊಸನಗರ ತಾಲ್ಲೂಕು, ನಗರ ಅನ್ನೋ ಊರಿಂದ ಇನ್ನೂ ಒಳಗೆ. ಮಳೆಗಾಲದಲ್ಲಿ ಕರೆಂಟು ಹೋದ್ರೆ ಹೋಯ್ತು, ಮೂರು ದಿನ, ನಾಲ್ಕು ದಿನ, ಒಂದ್ಸಲ ಮರ ಬಿದ್ದು ಹನ್ನೊಂದು ದಿನ ಇರ್ಲಿಲ್ಲ, ಅದಕ್ಕೇ ಅಪ್ಪಯ್ಯ ಸುಮಾರು ವರ್ಷದ ಹಿಂದೆ ಗುಡ್ಡದ ಅಬ್ಬಿಗೆ ಪೈಪ್ ಹಾಕಿ 1 ಕಿಲೋವ್ಯಾಟಿನ ಸಣ್ಣ ಟರ್ಬೈನ್ ಕೂರಿಸಿದ್ರು. ಟರ್ಬೈನಿಂದ ಮನೆಗೆ ತಂತಿ 700 ಮೀಟರ್ ಆಗುತ್ತೆ. ತೊಂದ್ರೆ ಎಂತ ಅಂದ್ರೆ ಮೇಲೆ ಕಂಟ್ರೋಲರ್ ಹತ್ರ ಮೀಟರ್ ಇಟ್ರೆ ಸರಿಯಾಗಿ 230 ಇರುತ್ತೆ, ಮನೇಲಿ ಬರೀ ಲೈಟು ಟಿವಿ ಇದ್ದಾಗ 215, ಅಮ್ಮ ಮಿಕ್ಸಿ ಹಾಕಿದ್ಲು ಅಂದ್ರೆ 175. ಫ್ರಿಡ್ಜ್ ಗುರ್ ಅಂತದೆ ಸ್ಟಾರ್ಟ್ ಆಗಲ್ಲ. ಎಲ್ಲಾ ಸೇರಿದ್ರೆ ಲೋಡ್ 750 ವ್ಯಾಟ್ ಆಗ್ಬಹುದು ಅಷ್ಟೆ.

ಕೆಇಬಿಯವ್ರು ದೂರಕ್ಕೆ ಕಳಿಸುವಾಗ ವೋಲ್ಟೇಜ್ ಏರಿಸಿ ಕಳಿಸ್ತಾರಲ್ಲ, ಶರಾವತಿಯಿಂದ 220 ಕೆವಿ ಲೈನ್ ನಮ್ಮೂರ ಗುಡ್ಡ ಹತ್ತೇ ಹೋಗುತ್ತೆ, ಅದೇ ಥರ ನಾನೂ ಮೇಲೆ ಒಂದು ಸ್ಟೆಪ್ ಅಪ್ ಹಾಕಿ 440 ಮಾಡಿ ಮನೆ ಹತ್ರ ಮತ್ತೆ 230ಕ್ಕೆ ಇಳಿಸ್ಬೇಕು ಅಂತ ಇದೀನಿ. ಶಿವಮೊಗ್ಗದಲ್ಲಿ ಎರಡು ಮೂರು ಅಂಗಡಿ ಕೇಳಿದೆ, ಎಲ್ಲರೂ ಸ್ಟೆಬಿಲೈಸರ್ ತೋರಿಸ್ತಾರೆ. ಒಬ್ರು ಆಟೋ ಟ್ರಾನ್ಸ್‌ಫಾರ್ಮರ್ ಮಾಡ್ಸಿ ಅರ್ಧ ದುಡ್ಡಲ್ಲಿ ಆಗುತ್ತೆ ಅಂದ್ರು. ಇದು ಎಲ್ಲಿ ಸಿಗುತ್ತೆ, ಏನಂತ ಕೇಳ್ಬೇಕು, ಗೊತ್ತಿರೋರು ಹೇಳಿ.

ಚಾರ್ಜರ್ ಚಂದ್ರ:

ಗುಜರಿ ಅಂಗಡೀಲಿ ಹಳೇ ಮೈಕ್ರೋವೇವ್ ಓವನ್ ಸಿಗುತ್ತೆ ನೋಡಿ ಬ್ರೋ, ಅದರೊಳಗೆ ಇರೋದೇ ಸ್ಟೆಪ್ ಅಪ್, 230 ಕೊಟ್ರೆ 2000 ಬರುತ್ತೆ. ಎರಡು ತಗೊಂಡು ಒಂದನ್ನ ಉಲ್ಟಾ ಹಾಕಿ. ಎರಡು ಸಾವಿರದಲ್ಲಿ ಕಳ್ಸಿದ್ರೆ ಕೂದಲಿನಷ್ಟು ದಪ್ಪದ ತಂತಿ ಸಾಕು 😀

ತುಂಗಾತೀರ:

ಮೇಲಿನ ಮಾತು ದಯವಿಟ್ಟು ಯಾರೂ ಮಾಡ್ಬೇಡಿ, ತಮಾಷೆಗೂ ಬೇಡ. ಓವನ್ ಟ್ರಾನ್ಸ್‌ಫಾರ್ಮರಿನ ಸೆಕೆಂಡರಿ (2000 ಬರೋ ಕಡೆ ಸುತ್ತು) ಒಂದು ತುದಿ ಕಬ್ಬಿಣದ ಕೋರಿಗೇ ಕಟ್ಟಿರ್ತಾರೆ, ಅಂದ್ರೆ ಬಾಡಿ ಮುಟ್ಟಿದ್ರೂ ಸರ್ಕ್ಯೂಟಲ್ಲೇ ಇದೀರಿ ಅಂತ ಲೆಕ್ಕ. ಮುಟ್ಟಿದ ಮೇಲೆ ಬಿಡಿಸ್ಕೊಳ್ಳೋಕೆ ಟೈಮ್ ಕೊಡಲ್ಲ ಅದು. ಮೇಲಿಂದ ಅದನ್ನ ಫ್ಯಾನ್ ಗಾಳಿ ಕೆಳಗೆ ಸ್ವಲ್ಪ ಹೊತ್ತು ಓಡ್ಲಿ ಅಂತ ಕೋರಿಗೆ ಕಬ್ಬಿಣ ಕಮ್ಮಿ ಹಾಕಿ ಮಾಡಿರ್ತಾರೆ, ಲೋಡ್ ಇಲ್ದೆ ಬಿಟ್ರೂ ಸುಡೋಹಾಗೆ ಬಿಸಿ ಆಗುತ್ತೆ. 24 ಗಂಟೆ ಓಡೋ ಹಳ್ಳದ ಕರೆಂಟಿಗೆ ಅದು ಆಗೋ ಮಾತಲ್ಲ. ನಮ್ಮ ಕೈಗೆ ಸಿಗೋ ವೈರಿನ ಇನ್ಸುಲೇಶನ್ನೂ 1100 ವೋಲ್ಟಿಗೆ ಮಾಡಿದ್ದು.

ಈಗ ಅಬ್ಬಿಮನೆಯವರಿಗೆ. 440 ಅನ್ನೋ ಯೋಚನೆ ಸರಿಯಾಗೇ ಇದೆ. ಆದ್ರೆ ಟ್ರಾನ್ಸ್‌ಫಾರ್ಮರ್ ಹುಡ್ಕೋಕೆ ಮೊದ್ಲು ತಂತಿ ಯಾವುದು ಅಂತ ಹೇಳಿ. ಅಲ್ಯೂಮಿನಿಯಮ್ಮಾ, ತಾಮ್ರನಾ, ಎಷ್ಟು ಸ್ಕ್ವೇರ್ ಎಂಎಂ?

ಅಬ್ಬಿಮನೆ:

2.5 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಸರ್, ಎರಡು ಎಳೆ. ಅಡಿಕೆ ಮರಕ್ಕೆ ಬಾಬಿನ್ (ತಂತಿ ಕಟ್ಟೋ ಪಿಂಗಾಣಿ ಗುಂಡು) ಹೊಡೆದು ಎಳ್ದಿದೀವಿ.

ತುಂಗಾತೀರ:

ಸರಿ. 2.5 ಅಲ್ಯೂಮಿನಿಯಂ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗೋದು 700 ಬರೋದು 700, ಒಟ್ಟು 1400 ಮೀಟರ್, ಹತ್ತಿರ ಹತ್ತಿರ 17 ಓಮ್ ಆಯ್ತು. ನಿಮ್ಮ ಜನರೇಟರ್ ಪೂರ್ತಿ 1000 ವ್ಯಾಟ್ 230ರಲ್ಲಿ ಕೊಟ್ರೆ ಕರೆಂಟು 4.3 ಆಂಪ್ಸ್, ತಂತಿಯಲ್ಲೇ 70 ವೋಲ್ಟ್ ಮೇಲೆ ಉದುರುತ್ತೆ, 300 ವ್ಯಾಟ್ ಮೇಲೆ ಅಡಿಕೆ ಮರ ಬಿಸಿ ಮಾಡೋಕೆ ಹೋಯ್ತು. ಅದೇ 440ರಲ್ಲಿ ಕಳ್ಸಿದ್ರೆ 2.27 ಆಂಪ್ಸ್, 39 ವೋಲ್ಟ್, 90 ವ್ಯಾಟ್ ಒಳಗೆ. ವೋಲ್ಟೇಜ್ ಡಬಲ್ ಮಾಡೋದೂ ಒಂದೇ, ತಂತಿ ನಾಲ್ಕು ಪಟ್ಟು ದಪ್ಪ ಹಾಕೋದೂ ಒಂದೇ, ಅಂದ್ರೆ 10 ಸ್ಕ್ವೇರ್ ಎಂಎಂ ಅಲ್ಯೂಮಿನಿಯಂ ಎಳೆದ್ರೆ ಟ್ರಾನ್ಸ್‌ಫಾರ್ಮರೇ ಬೇಡ. 1400 ಮೀಟರ್ ತಂತಿ ರೇಟು ಒಂದ್ಸಲ ಕೇಳಿ ನೋಡಿ, ಆಮೇಲೆ ಟ್ರಾನ್ಸ್‌ಫಾರ್ಮರ್ ರೇಟು ಕೇಳಿ.

ಅಂಗಡಿಯವ್ರು ತೋರ್ಸಿದ ಸ್ಟೆಬಿಲೈಸರ್ ಮಾತ್ರ ತರ್ಬೇಡಿ. ಅದು ಮನೇಲಿ ವೋಲ್ಟೇಜ್ ಏರಿಸೋಕೆ ತಂತಿಯಿಂದ ಇನ್ನೂ ಜಾಸ್ತಿ ಆಂಪ್ಸ್ ಎಳೆಯುತ್ತೆ, ಎಳೆದಷ್ಟೂ ತಂತಿಯಲ್ಲಿ ಜಾಸ್ತಿ ಉದುರುತ್ತೆ. 17 ಓಮ್ ದಾಟ್ಕೊಂಡು 230ರಲ್ಲಿ ತಿಪ್ಪರಲಾಗ ಹಾಕಿದ್ರೂ ಮನೆಗೆ 780 ವ್ಯಾಟ್ ಮೇಲೆ ಬರೋಕೇ ಸಾಧ್ಯ ಇಲ್ಲ, ಅದೂ ಅರ್ಧ ವೋಲ್ಟೇಜಲ್ಲಿ.

ಇನ್ನೊಂದು. ನಿಮ್ಮ ಲೆಕ್ಕ ನನಗೆ ಕೂಡ್ತಾ ಇಲ್ಲ. 750 ವ್ಯಾಟ್ ಲೋಡ್ ಅಂದ್ರೆ 70 ಓಮ್ ಅಂದ್ಕೊಳ್ಳಿ (ಮಿಕ್ಸಿ ಫ್ರಿಡ್ಜ್ ಮೋಟ್ರು ಸರಿಯಾಗಿ ಹಾಗೆ ನಡ್ಕೊಳ್ಳಲ್ಲ, ಅಂದಾಜಿಗೆ ಸಾಕು), 17 ಓಮ್ ತಂತಿ ಆದ್ರೆ ಮನೇಲಿ 185 ಬರ್ಬೇಕು. ನಿಮಗೆ 175 ಬರ್ತಿದೆ. ಬರೀ ಲೈಟು ಟಿವಿಗೂ 215ಕ್ಕೆ ಇಳಿಯೋದು ಸ್ವಲ್ಪ ಜಾಸ್ತೀನೇ. ಐದಾರು ಓಮ್ ಎಲ್ಲೋ ಕೂತ್ಕೊಂಡಿದೆ. ಜಾಯಿಂಟ್ ನೋಡಿ.

ವೈಂಡಿಂಗ್ ಮೂರ್ತಿ:

ನಾನು ಶಿವಮೊಗ್ಗದಲ್ಲಿ ಮೋಟರ್ ವೈಂಡಿಂಗ್ ಮಾಡೋನು, ಈ ಥರ ಮೂರ್ನಾಲ್ಕು ಜೋಡಿ ಮಾಡ್ಕೊಟ್ಟಿದೀನಿ, ತೀರ್ಥಹಳ್ಳಿ ಕಡೆಗೆ ಒಂದು, ಕೊಪ್ಪದ ಕಡೆಗೆ ಎರಡು.

ಅಂಗಡೀಲಿ ಸ್ಟೆಪ್ ಅಪ್ ಕೊಡಿ ಅನ್ಬೇಡಿ, ಅವ್ರಿಗೆ ಅರ್ಥ ಆಗೋದೇ ಬೇರೆ. ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಅಂತ ಕೇಳಿ. ಫ್ಯಾಕ್ಟರಿ ಪ್ಯಾನೆಲ್ ಬೋರ್ಡಲ್ಲಿ 415 ಎರಡು ಫೇಸಿಂದ ತಗೊಂಡು ಒಳಗಿನ ಕಾಂಟ್ಯಾಕ್ಟರಿಗೆಲ್ಲ 230 ಅಥವಾ 110 ಮಾಡಿ ಕೊಡೋಕೆ ಇರೋದು. ಒಂದ್ಕಡೆ 0-380-415-440 ಅಂತ ಟ್ಯಾಪ್ (ಸುತ್ತಿನ ನಡುವಿಂದ ಹೊರಗೆ ತೆಗೆದ ತುದಿ) ಇರುತ್ತೆ, ಇನ್ನೊಂದ್ಕಡೆ 0-230. 230 ಕಡೆಗೆ ಕರೆಂಟು ಕೊಟ್ರೆ 440 ಕಡೆ ಏರಿ ಬರುತ್ತೆ, ಟ್ರಾನ್ಸ್‌ಫಾರ್ಮರಿಗೆ ಉಲ್ಟಾ ಸೀದಾ ಅಂತ ಇಲ್ಲ. ಬರೀ 415/110 ಇರೋದು ತಂದು ಆಮೇಲೆ ನನ್ನ ಬೈಬೇಡಿ, ಪ್ಲೇಟ್ ಓದಿ ತಗೊಳ್ಳಿ. 1 ಕೆವಿಎ (ನಿಮ್ಮ 1 ಕಿಲೋವ್ಯಾಟಿಗೆ ಆಗೋ ಸೈಜು) ಎರಡು ಬೇಕು ನಿಮಗೆ. ಹೊಸದು ಬೆಂಗಳೂರಲ್ಲಿ ಎಸ್‌ಪಿ ರೋಡು, ಪೀಣ್ಯ ಕಡೆ ಆರಾಮಾಗಿ ಸಿಗುತ್ತೆ. ಹಳೇದಾದ್ರೆ ಇಲ್ಲೇ ಮಾಚೇನಹಳ್ಳಿ, ಭದ್ರಾವತಿ ಕಡೆ ಗುಜರಿಯವ್ರ ಹತ್ರ ಹೋಗಿ, ಫೌಂಡ್ರಿ ಪ್ಯಾನೆಲ್, ಹಳೇ ಲೇತ್ ಮಷಿನ್ ಬಿಚ್ಚಿದಾಗ ಇವು ಬರ್ತಾವೆ, ಅವ್ರು ತಾಮ್ರದ ಆಸೆಗೆ ಒಡೆಯೋಕೆ ಮುಂಚೆ ಹಿಡೀಬೇಕು.

ಹಳೇದು ನೋಡೋದು ಹೇಗೆ ಅಂದ್ರೆ ಮೊದ್ಲು ತೂಕ. 1 ಕೆವಿಎ ಅಂದ್ರೆ ಹತ್ತು ಕೇಜಿ ಆಸುಪಾಸು ಇರ್ಬೇಕು, ಐದು ಕೇಜಿದನ್ನ ಒಂದು ಕೆವಿಎ ಅಂತ ಯಾರಾದ್ರೂ ಕೊಟ್ರೆ ನಮಸ್ಕಾರ ಹೇಳಿ ಬನ್ನಿ. ಆಮೇಲೆ ಮೂಗಿನ ಹತ್ರ ಹಿಡೀರಿ, ಸುಟ್ಟ ವಾರ್ನಿಶ್ ವಾಸನೆ ಬಂದ್ರೆ ಅದು ಒಂದ್ಸಲ ಸತ್ತು ಬದುಕಿರೋದು. ಆಮೇಲೆ 100 ವ್ಯಾಟ್ ಬಲ್ಬ್ ಸೀರೀಸಲ್ಲಿ ಹಾಕಿ 230 ಕಡೆಗೆ ಕೊಡಿ, ಬಲ್ಬ್ ಮಿಣುಕು ಅಂದ್ರೆ ಸರಿ, ಫುಲ್ ಉರಿದ್ರೆ ಒಳಗೆ ಶಾರ್ಟು. ಮೆಗ್ಗರ್ (ಇನ್ಸುಲೇಶನ್ ಅಳೆಯೋ ಮೀಟರ್) ಇರೋರ ಹತ್ರ ಎರಡು ವೈಂಡಿಂಗ್ ನಡುವೆ, ಮತ್ತೆ ವೈಂಡಿಂಗಿಂದ ಕೋರಿಗೆ ನೋಡಿಸಿ. ಕೊನೆಗೆ ನಾಲ್ಕು ಗಂಟೆ ಲೋಡ್ ಇಲ್ದೆ ಬಿಟ್ಟು ಕೈ ಇಟ್ಟು ನೋಡಿ, ಬೆಚ್ಚಗೆ ಇದ್ರೆ ಅಡ್ಡಿಲ್ಲ.

ಟ್ಯಾಪ್ ವಿಚಾರ, ಇದು ಯಾರೂ ಹೇಳಲ್ಲ. ಈ ಟ್ರಾನ್ಸ್‌ಫಾರ್ಮರ್ ಮಾಡೋರು ಲೋಡಲ್ಲೂ 230 ಸಿಗ್ಲಿ ಅಂತ ಆ ಕಡೆ ನಾಲ್ಕು ಸುತ್ತು ಜಾಸ್ತಿ ಸುತ್ತಿರ್ತಾರೆ. ಉಲ್ಟಾ ಹಾಕ್ದಾಗ ಅದೇ ನಿಮಗೆ ತಿರುಗುತ್ತೆ, 440 ಅಂತ ಇರೋ ಟ್ಯಾಪಲ್ಲಿ 420 ಬರುತ್ತೆ, ಲೋಡಲ್ಲಿ ಇನ್ನೂ ಇಳಿಯುತ್ತೆ. ಹಾಗಾಗಿ ಮೇಲೆ 440 ಟ್ಯಾಪಿಂದ ಕಳ್ಸಿ, ಮನೆ ಹತ್ರ 380 ಟ್ಯಾಪಿಗೆ ಕೊಡಿ. ದಾರೀಲಿ ಉದುರಿದ್ದಕ್ಕೂ ಇದಕ್ಕೂ ಸರಿಯಾಗಿ ಮನೇಲಿ 220 ಆಸುಪಾಸು ಬಂದು ಕೂರುತ್ತೆ. ಲೋಡ್ ಕಮ್ಮಿ ಇದ್ದಾಗ ಸ್ವಲ್ಪ ಮೇಲೆ ಹೋಗುತ್ತೆ, 250 ದಾಟಿದ್ರೆ 415 ಟ್ಯಾಪಿಗೆ ಬದಲಾಯ್ಸಿ.

ಆಟೋ ಟ್ರಾನ್ಸ್‌ಫಾರ್ಮರ್ ಅರ್ಧ ದುಡ್ಡಿಗೆ ಆಗುತ್ತೆ ಅಂದಿದ್ದು ಸುಳ್ಳಲ್ಲ, ಡಬಲ್ ಮಾಡೋಕೆ ಅರ್ಧ ಕೋರ್ ಸಾಕು. ಮೇಲ್ಗಡೆಗೆ ಬೇಕಾದ್ರೆ ಹಾಕ್ಕೊಳ್ಳಿ. ಮನೆ ಕಡೆಗೆ ಬೇಡವೇ ಬೇಡ. ಅದರಲ್ಲಿ ಎರಡಕ್ಕೂ ಒಂದೇ ವೈಂಡಿಂಗು, ಕೆಳಗಿನ ಭಾಗ ಎಲ್ಲಾದ್ರೂ ಕಟ್ ಆಯ್ತು ಅಂದ್ರೆ ಇಡೀ 440 ಮನೆಯೊಳಗೆ ಬರುತ್ತೆ, ಟಿವಿ ಫ್ರಿಡ್ಜ್ ಎಲ್ಲಾ ಒಂದೇ ಸಲ ಕೈಲಾಸ.

ನನ್ನ ಪ್ರಶ್ನೆ: ಡಂಪ್ ಹೀಟರ್ (ಮನೇಲಿ ಬಳಸದೆ ಉಳಿದ ಕರೆಂಟು ತಿನ್ನೋ ಹೀಟರ್) ಕಾಯಿಲ್ ಸುಟ್ಟು ಹೋದಾಗ ಟರ್ಬೈನ್ ಹದ ಮೀರಿ ಓಡೋಕೆ ಹತ್ತುತ್ತಲ್ಲ, ಆಗ ಎಷ್ಟು ವೋಲ್ಟ್ ಹೋಗುತ್ತೆ ಗೊತ್ತಾ?

ಅಬ್ಬಿಮನೆ:

ಒಂದ್ಸಲ ಆಗಿತ್ತು ಮೂರ್ತಿಯವ್ರೆ, ವಿಮಾನದ ಥರ ಸದ್ದು. ಮೀಟರ್ 380 ತೋರಿಸ್ತಿತ್ತು, ಅಪ್ಪಯ್ಯ ಓಡಿ ಹೋಗಿ ವಾಲ್ವ್ ತಿರುಗಿಸಿದ್ರು. ಅವತ್ತು ಮನೇಲಿ ಏಳು ಬಲ್ಬ್ ಹೋದ್ವು.

ವೈಂಡಿಂಗ್ ಮೂರ್ತಿ:

ಅದೇ ನೋಡಿ. ಇನ್ಮುಂದೆ ಅದು ಲೈನಲ್ಲಿ 700 ಆಗುತ್ತೆ. ಸ್ಪೀಡ್ ಏರಿದಾಗ ಫ್ರೀಕ್ವೆನ್ಸಿಯೂ ಏರುತ್ತಲ್ಲ, ಹಾಗಾಗಿ ಕೋರಿಗೆ ಏನೂ ಆಗಲ್ಲ, ಇನ್ಸುಲೇಶನ್‌ಗೆ ಮತ್ತೆ ಮನೆ ಸಾಮಾನಿಗೆ ತೊಂದ್ರೆ. ಟ್ರಾನ್ಸ್‌ಫಾರ್ಮರಿಗೆ ಮುಂಚೆ 270 ದಾಟಿದ್ರೆ ಕಟ್ ಮಾಡೋ ವೋಲ್ಟೇಜ್ ರಿಲೇ ಒಂದು ಹಾಕಿ, ಸಣ್ಣ ಸಾಮಾನು. ಉಲ್ಟಾ ಕೇಸೂ ಇದೆ, ಫ್ರೀಕ್ವೆನ್ಸಿ 40ಕ್ಕೆ ಇಳಿದು ವೋಲ್ಟೇಜ್ ಮಾತ್ರ 230 ಇದ್ರೆ ಕೋರ್ ಸ್ಯಾಚುರೇಟ್ ಆಗಿ, ಅಂದ್ರೆ ಕಬ್ಬಿಣ ತಡೆಯೋಷ್ಟು ಅಯಸ್ಕಾಂತ ತುಂಬಿ ಹೋಗಿ, ಗುಂಯ್ ಅಂತ ಬಿಸಿ ಆಗುತ್ತೆ. ಮೀಟರಲ್ಲಿ ಹರ್ಟ್ಸ್ ನೋಡ್ಕೊಳ್ಳಿ, 50 ಅಕ್ಕಪಕ್ಕ ಇದ್ರೆ ಚಿಂತೆ ಇಲ್ಲ. ಮತ್ತೆ ಟರ್ಬೈನ್ ಓಡ್ತಾ ಇರುವಾಗ ಟ್ರಾನ್ಸ್‌ಫಾರ್ಮರ್ ಸ್ವಿಚ್ ಹಾಕ್ಬೇಡಿ, ಒಂದೇಟಿಗೆ ಎಳೆಯುತ್ತೆ. ಮೊದ್ಲೇ ಕನೆಕ್ಟ್ ಮಾಡಿಟ್ಟು ವಾಲ್ವ್ ನಿಧಾನಕ್ಕೆ ಬಿಡಿ, ಸೊನ್ನೆಯಿಂದ ಮೆಲ್ಲಗೆ ಏರುತ್ತೆ.

ಹಳೇ ಲೈನು:

ಮೂವತ್ತು ವರ್ಷ ಕಂಬ ಹತ್ತಿದವನು ನಾನು, ಈಗ ರಿಟೈರು. ಲೆಕ್ಕ ಎಲ್ಲ ಚೆಂದ ಮಾಡಿದೀರಿ ಮಾರಾಯ್ರೆ, ಆದ್ರೆ ಅಡಿಕೆ ಮರಕ್ಕೆ ಬಾಬಿನ್ ಹೊಡೆದಿದೀವಿ ಅಂದ ಕೂಡ್ಲೆ ನನಗೆ ಮುಂದಿನದ್ದು ಓದೋಕೇ ಆಗ್ಲಿಲ್ಲ. ಇದುವರೆಗೆ 230 ಇತ್ತು ಅದೇ ತಪ್ಪು, ಈಗ ಅದೇ ತಂತೀಲಿ 440 ಬಿಡ್ತೀರಾ? ಮಳೇಲಿ ನೆಂದ ಅಡಿಕೆ ಮರ ಮರ ಅಲ್ಲ, ಕಂಡಕ್ಟರ್ರೇ. ಅದಿರ್ಲಿ, ನಿಮ್ಮಲ್ಲಿ ಅಡಿಕೆ ಕೊನೆ (ಗೊನೆ) ತೆಗೆಯೋರು, ಔಷಧಿ ಹೊಡೆಯೋರು ಈಗ ಯಾವ ದೋಟಿ ಹಿಡೀತಾರೆ? ಮುಂಚೆ ಬಿದಿರು ಇತ್ತು. ಈಗ ಕಾರ್ಬನ್ ಫೈಬರ್ ಬಂದಿದೆ, ಹಗುರ ಅಂತ ಎಲ್ರೂ ತಗೊಂಡಿದಾರೆ, ಅದು ಪ್ಲಾಸ್ಟಿಕ್ ಅಲ್ಲ ಅಂತ ಎಷ್ಟು ಜನಕ್ಕೆ ಗೊತ್ತು? ಕಾರ್ಬನ್ನಲ್ಲಿ ಕರೆಂಟು ಹರಿಯುತ್ತೆ. ಕೆಳಗೆ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತವನ ಕೈಲಿ ಅರವತ್ತು ಅಡಿ ಕಡ್ಡಿ, ಮೇಲೆ ಸಿಪ್ಪೆ ಸುಲಿದ ತಂತಿ.

ತೋಟದ ಒಳಗಿಂದ ತಂತಿ ತೆಗೀರಿ. ತೋಟದ ಹೊರಗೆ ಬೇಲಿ ಸಾಲು ಹಿಡ್ಕೊಂಡು ಕಪ್ಪು ಪೈಪಿನೊಳಗೆ ಎರಡಡಿ ನೆಲದಲ್ಲಿ ಹೂತು ತನ್ನಿ. ಹೂಳೋಕಾಗದ ಬಂಡೆ ಜಾಗದಲ್ಲಿ ಮಾತ್ರ ಕಂಬ. ನಮ್ಮ ಹಳೇ ರೂಲ್ ಬುಕ್ಕಲ್ಲಿ 250 ತನಕ ಲೋ, 650 ತನಕ ಮೀಡಿಯಂ ಅಂತ ಇತ್ತು, ಮೀಡಿಯಂ ಅಂತ ಹೆಸರಿದ್ದ ಮಾತ್ರಕ್ಕೆ ಅದು ಮಧ್ಯಮವಾಗಿ ಹೊಡೆಯಲ್ಲ. ಒಂದು ಉಪಾಯ ಇದೆ, ಮೇಲಿನ ಟ್ರಾನ್ಸ್‌ಫಾರ್ಮರಿಗೆ 440 ಕಡೆ ನಡುವಿಂದ ಒಂದು ಟ್ಯಾಪ್ ತೆಗ್ಸಿ ಅದನ್ನ ಅರ್ತ್ ಮಾಡಿ. ಆಗ ಯಾವ ಎಳೆ ಮುಟ್ಟಿದ್ರೂ ನೆಲಕ್ಕೆ 220 ಮಾತ್ರ. ಮನೆ ಕಡೆ 230ರ ಒಂದು ತುದಿ ಅರ್ತ್ ಮಾಡಿ ಅದನ್ನೇ ನ್ಯೂಟ್ರಲ್ ಮಾಡ್ಕೊಳ್ಳಿ, ಇಲ್ದಿದ್ರೆ ನೀವು ಹಾಕಿರೋ ಆರ್‌ಸಿಸಿಬಿ (ಶಾಕ್ ಹೊಡೆದ್ರೆ ಕಟ್ ಮಾಡೋ ಸ್ವಿಚ್) ಗೋಡೆ ಅಲಂಕಾರಕ್ಕೆ. ಏಪ್ರಿಲ್ ಮೇ ಗುಡುಗಿಗೆ ಎರಡೂ ಕಡೆ ಲೈಟ್ನಿಂಗ್ ಅರೆಸ್ಟರ್ (ಸಿಡಿಲನ್ನ ನೆಲಕ್ಕೆ ಇಳಿಸೋದು), ಅದಕ್ಕೆ ಬೇರೆ ಅರ್ತು.

ಕಳಸದ ಕಾಫಿ:

ನಮ್ಮನೇಲಿ ಇದೇ ಏರ್ಪಾಡು ಏಳೆಂಟು ವರ್ಷದಿಂದ ಇದೆ, ಸ್ಟೆಪ್ ಅಪ್ ಸ್ಟೆಪ್ ಡೌನ್ ಎರಡೂ. ಮೊದಲನೇ ಮಳೆಗಾಲ ಸ್ವರ್ಗ. ಫೆಬ್ರವರಿ ಬಂತು, ಹಳ್ಳದಲ್ಲಿ ನೀರು ಇಳೀತು, ಟರ್ಬೈನಲ್ಲಿ 200 ವ್ಯಾಟ್ ಹುಟ್ಟುತ್ತೆ ಆದ್ರೆ ಮನೇಲಿ ಐದು ಬಲ್ಬೂ ಸರಿಯಾಗಿ ಉರಿಯಲ್ಲ. ಮುಂಚೆ ಟ್ರಾನ್ಸ್‌ಫಾರ್ಮರ್ ಇಲ್ದಿದ್ದಾಗಲೇ ಬೇಸಿಗೇಲಿ ಚೆನ್ನಾಗಿತ್ತು ಅಂತ ಮನೆಯವ್ರು ನನಗೆ ದಿನಾ ಮಂಗಳಾರತಿ. ಆಮೇಲೆ ಅಳೆದು ನೋಡಿದ್ರೆ ಒಂದೊಂದು ಟ್ರಾನ್ಸ್‌ಫಾರ್ಮರ್ ಸುಮ್ನೆ ನಿಂತಲ್ಲೇ 25 ವ್ಯಾಟ್ ತಿಂತಾ ಇದೆ, ಎರಡು ಸೇರಿ 50. ಲೋಡ್ ಇರ್ಲಿ ಬಿಡ್ಲಿ, ಹಗಲೂ ರಾತ್ರಿ. ಹುಟ್ಟೋದರಲ್ಲಿ ಕಾಲು ಭಾಗ ಕಬ್ಬಿಣಕ್ಕೇ ಹೋಯ್ತು.

ತುಂಗಾತೀರ ಅವ್ರ ಲೆಕ್ಕದಲ್ಲೇ ನೋಡಿ, 200 ವ್ಯಾಟ್ 230ರಲ್ಲಿ ಕಳ್ಸಿದ್ರೆ 0.87 ಆಂಪ್ಸ್, 17 ಓಮಲ್ಲಿ ಕಳೆಯೋದು ಬರೀ 13 ವ್ಯಾಟ್. 13 ಉಳಿಸೋಕೆ 50 ಖರ್ಚು! ಈಗ ನಾವು ಎರಡೂ ಕಡೆ ಚೇಂಜ್ ಓವರ್ ಸ್ವಿಚ್ ಹಾಕಿದೀವಿ. ಜೂನಿಂದ ಡಿಸೆಂಬರ್ ತನಕ ಟ್ರಾನ್ಸ್‌ಫಾರ್ಮರ್ ಮೇಲೆ, ಆಮೇಲೆ ಡೈರೆಕ್ಟ್ 230. ಬದಲಾಯಿಸುವಾಗ ಮಾತ್ರ ಟರ್ಬೈನ್ ನಿಲ್ಲಿಸಿ, ಎರಡೂ ಕಡೆ ಬದಲಾಯಿಸಿದ್ದು ಖಾತ್ರಿ ಮಾಡ್ಕೊಂಡೇ ನೀರು ಬಿಡೋದು. ಮೇಲೆ ಏರಿಸಿ ಕೆಳಗೆ ಡೈರೆಕ್ಟ್ ಇಟ್ರೆ ಏನಾಗುತ್ತೆ ಅಂತ ಹೇಳ್ಬೇಕಿಲ್ಲ. ನಾವು ಮನೆ ಕಡೆ ಸ್ವಿಚ್ಚಿಗೆ ಬೀಗ ಹಾಕಿ ಕೀಲಿ ಕೈಯನ್ನ ಟರ್ಬೈನ್ ಶೆಡ್ಡಿನ ಮೊಳೆಗೆ ನೇತು ಹಾಕಿದೀವಿ, ಆಚೀಚೆ ಎರಡು ಸಲ ಗುಡ್ಡ ಹತ್ತದೇ ಬದಲಾಯಿಸೋಕೇ ಆಗಲ್ಲ.

ತುಂಗಾತೀರ:

ಇದು ನನ್ನ ತಲೆಗೇ ಹೊಳೆದಿರ್ಲಿಲ್ಲ. ಕೋರ್ ಲಾಸ್ ಅಂತ ಗೊತ್ತಿತ್ತು, ಆದ್ರೆ ಪೇಪರಲ್ಲಿ 1 ಕಿಲೋವ್ಯಾಟಿಗೆ ಲೆಕ್ಕ ಹಾಕಿ ಅಲ್ಲಿಗೇ ಪೆನ್ನು ಇಟ್ಟಿದ್ದೆ. ಅಬ್ಬಿಮನೆಯವರೇ, ಬೇಸಿಗೇಲಿ ನಿಮ್ಮದು ಎಷ್ಟಕ್ಕೆ ಇಳಿಯುತ್ತೆ?

ಅಬ್ಬಿಮನೆ:

ಮಾರ್ಚಲ್ಲಿ 150, ಏಪ್ರಿಲ್ ಹೊತ್ತಿಗೆ ನಿಲ್ಲಿಸೇ ಬಿಡ್ತೀವಿ, ತೋಟಕ್ಕೇ ನೀರು ಸಾಲಲ್ಲ.

ಸರಿ, ಇವತ್ತು ಬೆಳಿಗ್ಗೆ ಹೊಳವಾಗಿತ್ತು, ಇಂಬ್ಳಕ್ಕೆ (ಜಿಗಣೆಗೆ) ಸುಣ್ಣ ಹೊಗೆಸೊಪ್ಪು ಹಚ್ಕೊಂಡು ಲೈನ್ ಉದ್ದಕ್ಕೂ ನಡ್ಕೊಂಡು ಹೋದೆ. ಐದಾರು ಓಮ್ ಸಿಕ್ತು! ನಡುವೆ ಹಲಸಿನ ಮರದ ಹತ್ರ ಒಂದು ಅರವತ್ತು ಮೀಟರ್ ಎರಡೂ ಎಳೆ ಅಲ್ಯೂಮಿನಿಯಮ್ಮೇ ಅಲ್ಲ, ಬೇಲಿ ಕಟ್ಟೋ ತೆಳ್ಳಗಿನ ಜಿಐ (ಸತು ಬಳಿದ ಕಬ್ಬಿಣ) ತಂತಿ. ಅಪ್ಪಯ್ಯನ್ನ ಕೇಳಿದ್ರೆ ಆ ಹನ್ನೊಂದು ದಿನದ ಮಳೇಲಿ ಕೊಂಬೆ ಬಿದ್ದು ಹರಿದಿತ್ತು, ಕೈಗೆ ಸಿಕ್ಕಿದ್ದು ಕಟ್ಟಿದೆ, ಕರೆಂಟು ಬಂತಲ್ಲ ಅಂದ್ರು. ಬರೀ ಕೈಲಿ ತಿರುಚಿ ಕಟ್ಟಿದ ನಾಲ್ಕು ಜಾಯಿಂಟು, ಎಲ್ಲಾ ಬಿಳಿ ಪುಡಿ ಮತ್ತೆ ತುಕ್ಕು.

ತುಂಗಾತೀರ:

ಕಬ್ಬಿಣ ಅಲ್ಯೂಮಿನಿಯಮ್ಮಿಗಿಂತ ಐದಾರು ಪಟ್ಟು ಜಾಸ್ತಿ ತಡೆಯುತ್ತೆ. ತೆಳ್ಳಗಿನ ಜಿಐ ಆದ್ರೆ ಆ ಅರವತ್ತು ಮೀಟರೇ ಐದು ಓಮ್ ಹತ್ರ ತಿಂದಿರುತ್ತೆ, ಜಾಯಿಂಟ್ ಬೇರೆ. ಅದನ್ನ ಮೊದ್ಲು ಕಿತ್ತು ಹಾಕಿ, ಜಾಯಿಂಟಿಗೆ ಸ್ಲೀವ್ (ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡ್ಸಿ, ಅಂದ್ರೆ ಒತ್ತಿ ಬಿಗಿ ಮಾಡ್ಸಿ. ಅಲ್ಯೂಮಿನಿಯಮ್ಮಿಗೆ ತಾಮ್ರ ನೇರ ತಿರುಚಬೇಡಿ.

ಚಾರ್ಜರ್ ಚಂದ್ರ:

ಅಂದ್ರೆ ಟ್ರಾನ್ಸ್‌ಫಾರ್ಮರ್ ಬೇಡ್ವಾ ಈಗ? ಅಂಕಲ್ ಬೇಲಿ ತಂತಿ ಬಿಚ್ಚಿದ್ರೆ ಆಯ್ತಾ?

ತುಂಗಾತೀರ:

ಬೇಲಿ ತಂತಿ ಬಿಚ್ಚಿದ್ರೆ 185. ಮಿಕ್ಸಿ ತಿರುಗುತ್ತೆ, ಫ್ರಿಡ್ಜಿಗೆ ಸಾಲಲ್ಲ. ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು, ಆದ್ರೆ ಆ ಜಾಯಿಂಟ್ ಹಾಗೇ ಬಿಟ್ಟು 440 ಕೊಡೋದು ಬೇಡ.

ಅಬ್ಬಿಮನೆ:

ಲೇಟಾಗಿ ಬರೀತಿದೀನಿ, ನಮ್ಮಲ್ಲಿ ನೆಟ್ವರ್ಕ್ ಗುಡ್ಡ ಹತ್ತಿದ್ರೆ ಮಾತ್ರ. ಜಿಐ ಬಿಚ್ಚಿ ಅಲ್ಯೂಮಿನಿಯಂ ಹಾಕಿ ಕ್ರಿಂಪ್ ಮಾಡ್ಸಿದೆ, ಮಿಕ್ಸಿ ಹಾಕ್ದಾಗ ಈಗ 187. ಭದ್ರಾವತಿ ಕಡೆ ಗುಜರೀಲಿ ಒಂದು 1 ಕೆವಿಎ ಸಿಕ್ತು, ಪ್ಲೇಟಲ್ಲಿ 0-380-415-440 / 0-230 ಅಂತಿದೆ, ತೂಕ ಹನ್ನೊಂದು ಕೇಜಿ, ವಾಸನೆ ಏನಿಲ್ಲ, ಸೀರೀಸ್ ಬಲ್ಬ್ ಮಿಣುಕು ಅಂತು. ಇದನ್ನ ಮನೆ ಕಡೆಗೆ ಇಟ್ಕೋತೀನಿ. ಮೇಲಿನದಕ್ಕೆ ನಡುವೆ ಟ್ಯಾಪ್ ಬೇಕಲ್ಲ, ಅದನ್ನ ಮೂರ್ತಿಯವ್ರ ಹತ್ರಾನೇ ಸುತ್ತಿಸ್ಬೇಕು ಅಂತಿದೀನಿ. ತೋಟದಿಂದ ಲೈನ್ ಹೊರಗೆ ಹಾಕೋ ಕೆಲಸ ದೀಪಾವಳಿ ಆದ್ಮೇಲೆ, ಈಗ ಅಗೆದ್ರೆ ಬರೀ ಕೆಸರು. ಅಲ್ಲಿ ತನಕ ಆ ಸಾಲಿನ ಕೊನೆ ತೆಗೆಯೋ ದಿನ ಟರ್ಬೈನ್ ಬಂದ್ ಮಾಡ್ತೀವಿ.

ವೈಂಡಿಂಗ್ ಮೂರ್ತಿ:

ಆಯ್ತು ಬನ್ನಿ. ಉಲ್ಟಾ ಹಾಕೋದಕ್ಕೇ ಅಂತ ಸುತ್ತೋದಾದ್ರೆ ಸುತ್ತು ಹೊಂದಿಸಿ ಲೋಡಲ್ಲೇ 440 ಬರೋ ಹಾಗೆ ಮಾಡ್ತೀನಿ, ಆಗ ನಿಮ್ಮ ಮನೆ ಕಡೆ 415 ಟ್ಯಾಪೇ ಸರಿಹೋಗ್ಬಹುದು. ಕೋರು ಸ್ವಲ್ಪ ದೊಡ್ಡದೇ ಹಾಕೋಣ, ನಿಂತಲ್ಲಿ ತಿನ್ನೋದು ಕಮ್ಮಿ ಆಗ್ಲಿ. ತಾಮ್ರ ಕೇಜಿ ಲೆಕ್ಕ, ಅಲ್ಯೂಮಿನಿಯಂ ವೈಂಡಿಂಗ್ ಬೇಕು ಅಂತ ಮಾತ್ರ ಕೇಳ್ಬೇಡಿ.

ಹಳೇ ಲೈನು:

ಆ ಜಿಐ ತಂತಿ ಏನು ಮಾಡಿದ್ರಿ?

ಅಬ್ಬಿಮನೆ:

ಅಪ್ಪಯ್ಯ ಸುತ್ತಿ ಕೊಟ್ಟಿಗೆ ಮಾಡಿಗೆ ಸಿಕ್ಕಿಸಿದಾರೆ. ಬೇಕಾಗುತ್ತೆ ಅಂತೆ.